ರಾಜಮನೆತನದ ಅಂತ್ಯಕ್ರಿಯೆಗೆ ಬರೆದ ಬರೋಕ್ ವೃಂದಗಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಬರೋಕ್ ಎಂದರೆ ಯುರೋಪಿನಲ್ಲಿ ಸುಮಾರು 1600ರಿಂದ 1750ರವರೆಗಿನ ಸಂಗೀತದ ಕಾಲ. ಇಲ್ಲಿನ ಮಾತು ಹೆಚ್ಚಾಗಿ ಇಂಗ್ಲೆಂಡಿನ ಇಬ್ಬರು ರಾಣಿಯರ ಸುತ್ತ: ಎರಡನೇ ಮೇರಿ ಮತ್ತು ಕ್ಯಾರೊಲೈನ್. ಮೇರಿಯ ಅಂತ್ಯಕ್ರಿಯೆಗೆ 1695ರಲ್ಲಿ ಹೆನ್ರಿ ಪರ್ಸೆಲ್, ಕ್ಯಾರೊಲೈನಳದಕ್ಕೆ 1737ರಲ್ಲಿ ಹ್ಯಾಂಡೆಲ್ ಸಂಗೀತ ಬರೆದರು. ಜರ್ಮನಿ, ಫ್ರಾನ್ಸಿನ ಕೃತಿಗಳು ಕೊನೆಕೊನೆಗೆ ಬರುತ್ತವೆ. ಬರೀ ಕೇಳುವವರಿಗಿಂತ, ಹತ್ತಿಪ್ಪತ್ತು ಜನರ ಕ್ವಾಯರ್ ಕಟ್ಟಿಕೊಂಡು ಇವುಗಳಲ್ಲಿ ಒಂದನ್ನಾದರೂ ಹಾಡಿಸಬೇಕೆಂದಿರುವವರ ಪ್ರಶ್ನೆಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಅಂತ್ಯಕ್ರಿಯೆಯ ಸಂಗೀತ ಎಂದರೆ ರೆಕ್ವಿಯಂ ತಾನೆ?

ಎಲ್ಲ ಕಡೆಯೂ ಅಲ್ಲ. ರೆಕ್ವಿಯಂ ಎಂಬುದು ತೀರಿಕೊಂಡವರ ಆತ್ಮಕ್ಕಾಗಿ ಅರ್ಪಿಸುವ ಕ್ಯಾಥೊಲಿಕ್ ಬಲಿಪೂಜೆ; ಅದರ ಪಠ್ಯ ಲ್ಯಾಟಿನ್. ಪ್ರಾಟೆಸ್ಟೆಂಟರು ಸತ್ತವರಿಗಾಗಿ ಪೂಜೆ ಸಲ್ಲಿಸುವುದನ್ನೇ ಒಪ್ಪಲಿಲ್ಲ. ಹಾಗಾಗಿ ಲಂಡನ್, ಲೈಪ್ಜಿಗ್‌ಗಳ ರಾಜಮನೆತನದ ಸಾವುಗಳಿಗೆ ಬೇರೆಯದೇ ಬಗೆಯ ಕೃತಿಗಳು ಹುಟ್ಟಿದವು. ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದ ಸಮಾಧಿ ವಾಕ್ಯಗಳು, ಅವುಗಳ ಜೊತೆಗೊಂದು ಆಂಥೆಮ್, ಅಂದರೆ ಇಂಗ್ಲಿಷ್ ಪಠ್ಯದ ವೃಂದಗಾನ. ಲುಥೆರನ್ ನಾಡುಗಳಲ್ಲಿ ಮೊಟೆಟ್ (ಧರ್ಮಪಠ್ಯಕ್ಕೆ ಹಲವು ಧ್ವನಿಗಳ ಹಾಡು), ಕೊರಾಲ್ (ಸಭೆಯ ಸ್ತೋತ್ರಗೀತೆ), ಪ್ರಸಂಗದ ಹಿಂದುಮುಂದೆ ಹಾಡುವ ಶೋಕಗೀತೆ. ಪರ್ಸೆಲ್‌ನ ರೆಕ್ವಿಯಂ ಹುಡುಕಿದರೆ ಸಿಗದಿರುವುದು ಇದಕ್ಕೇ.

ಮೇರಿ ರಾಣಿಗೆಂದು ಪರ್ಸೆಲ್ ನಿಜವಾಗಿ ಬರೆದದ್ದು ಎಷ್ಟು?

ಜನ ಅಂದುಕೊಂಡಿರುವುದಕ್ಕಿಂತ ತುಂಬಾ ಕಡಿಮೆ. ಮೂರು ಚಿಕ್ಕ ತುಣುಕುಗಳು: ನಾಲ್ಕು ಟ್ರಂಪೆಟ್‌ಗಳಿಗೆ ಒಂದು ಮಾರ್ಚ್, ಅದೇ ವಾದ್ಯಗಳಿಗೆ ಕಾನ್ಝೋನಾ ಎಂಬ ಒಂದು ವಾದ್ಯಕೃತಿ, ನಾಲ್ಕು ಧ್ವನಿಗಳಿಗೆ 'ದೌ ನೋಎಸ್ಟ್, ಲಾರ್ಡ್, ದ ಸೀಕ್ರೆಟ್ಸ್ ಆಫ್ ಅವರ್ ಹಾರ್ಟ್ಸ್' ಎಂಬ ವಾಕ್ಯ. ಮೂರನ್ನೂ ಸೇರಿಸಿದರೂ ಹತ್ತು ನಿಮಿಷವಾಗದು.

ಆದರೆ ಧ್ವನಿಮುದ್ರಿಕೆಗಳಲ್ಲಿ 'ಮೇರಿ ರಾಣಿಯ ಅಂತ್ಯಕ್ರಿಯಾ ಸಂಗೀತ' ಎಂದು ಇಪ್ಪತ್ತು ನಿಮಿಷಕ್ಕೂ ಮೀರಿದ್ದು ಇರುತ್ತದಲ್ಲ? ಪರ್ಸೆಲ್ ತಾನು ಇಪ್ಪತ್ತರ ಆಸುಪಾಸಿನ ಹುಡುಗನಾಗಿದ್ದಾಗ ಬರೆದ 'ಮ್ಯಾನ್ ದಟ್ ಈಸ್ ಬಾರ್ನ್ ಆಫ್ ಎ ವುಮನ್', 'ಇನ್ ದ ಮಿಡ್ಸ್ಟ್ ಆಫ್ ಲೈಫ್' ಎಂಬ ವಾಕ್ಯಗಳನ್ನು ಅದಕ್ಕೆ ಜೋಡಿಸಿರುತ್ತಾರೆ. ಸೊಗಸಾದ ಸಂಗೀತ, ಅನುಮಾನವಿಲ್ಲ. ಮೇರಿಗಾಗಿ ಬರೆದದ್ದು ಮಾತ್ರ ಅಲ್ಲ.

ಗೊಂದಲ ಇನ್ನೂ ಒಂದಿದೆ. 'ದೌ ನೋಎಸ್ಟ್' ವಾಕ್ಯವನ್ನೇ ಅವನು ಆ ಎಳೆಯ ವಯಸ್ಸಿನಲ್ಲೂ ಸಂಯೋಜಿಸಿದ್ದ. ಆ ಹಳೆಯದರಲ್ಲಿ ಧ್ವನಿಗಳು ಒಂದರ ಹಿಂದೊಂದು ಪ್ರವೇಶಿಸಿ ಹೆಣೆದುಕೊಳ್ಳುತ್ತವೆ. 1695ರದ್ದರಲ್ಲಿ ನಾಲ್ಕೂ ಧ್ವನಿಗಳು ಹೆಚ್ಚುಕಡಿಮೆ ಒಟ್ಟಿಗೇ ಪದ ಹೇಳುತ್ತವೆ. ಪರ್ಸೆಲ್ ಕೃತಿಗಳ ಝಡ್ ಪಟ್ಟಿಯಲ್ಲಿ ಇದಕ್ಕೆ 58ಸಿ ಎಂಬ ಸಂಖ್ಯೆ. ಸ್ಕೋರ್ ಇಳಿಸಿಕೊಳ್ಳುವಾಗ ಆ 'ಸಿ' ಅಕ್ಷರ ಇದೆಯೇ ನೋಡಿ. ಇಲ್ಲದಿದ್ದರೆ ಅಭ್ಯಾಸಕ್ಕೆ ಕೂತ ಮೇಲೆ ಅರ್ಧ ಜನರ ಕೈಯಲ್ಲಿ ಬೇರೆಯೇ ಹಾಡು ಇರುತ್ತದೆ.

ಅಂತ್ಯಕ್ರಿಯೆ ನಡೆದದ್ದು 1694ರಲ್ಲೋ 1695ರಲ್ಲೋ?

ರಾಣಿ ಸಿಡುಬಿನಿಂದ ತೀರಿಕೊಂಡದ್ದು 1694ರ ಡಿಸೆಂಬರ್ 28ರಂದು, ಕೆನ್ಸಿಂಗ್ಟನ್ ಅರಮನೆಯಲ್ಲಿ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅಂತ್ಯಕ್ರಿಯೆ ಆದದ್ದು ಮಾರ್ಚ್ 5ರಂದು. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆದ್ದರಿಂದ ಹಳೆಯ ದಾಖಲೆಗಳಲ್ಲಿ ಆ ಮಾರ್ಚ್ ಕೂಡ 1694. ನಮ್ಮ ಲೆಕ್ಕದಲ್ಲಿ 1695. ಕಾರ್ಯಕ್ರಮ ಪತ್ರಿಕೆಯಲ್ಲಿ 1695 ಎಂದೇ ಹಾಕಿ.

ಅದೇ ವರ್ಷ ನವೆಂಬರ್ 21ರಂದು ಪರ್ಸೆಲ್ಲನೂ ತೀರಿಕೊಂಡ, ವಯಸ್ಸು ಮೂವತ್ತಾರು. ಅಬ್ಬೆಯಲ್ಲಿ ಆರ್ಗನ್ ಪಕ್ಕದಲ್ಲಿ ಅವನನ್ನು ಮಣ್ಣು ಮಾಡುವಾಗ ರಾಣಿಗೆಂದು ಬರೆದ ಸಂಗೀತವನ್ನೇ ಮತ್ತೆ ನುಡಿಸಿದರು.

ಸಮಾಧಿ ವಾಕ್ಯಗಳು ಎಷ್ಟು, ಯಾವುದನ್ನು ಯಾವಾಗ ಹಾಡಬೇಕು?

ಏಳು. ಈ ಸಂಗೀತ ಯಾಕೆ ಹೀಗಿದೆ ಎಂಬುದಕ್ಕೆ ಉತ್ತರ ಇರುವುದೇ ಈ ಏಳು ವಾಕ್ಯಗಳ ಜಾಗದಲ್ಲಿ.

ಮೊದಲ ಮೂರು, ಶವಪೆಟ್ಟಿಗೆ ಚರ್ಚಿನೊಳಗೆ ಬರುವಾಗ. 'ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ' ಎಂಬ ಯೋಹಾನನ ಸುವಾರ್ತೆಯ ಮಾತು ಮೊದಲನೆಯದು, ಸಿ.ಎಸ್.ಐ. ಸಭೆಗಳಲ್ಲಿ ಬೆಳೆದವರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಎರಡನೆಯದು ತನ್ನ ವಿಮೋಚಕ ಬದುಕಿದ್ದಾನೆ ಎಂಬ ಯೋಬನ ಮಾತು. ಲೋಕಕ್ಕೆ ಬರುವಾಗ ಏನೂ ತರಲಿಲ್ಲ, ಹೋಗುವಾಗ ಏನೂ ಒಯ್ಯಲಾರೆವು ಎಂಬುದು ಮೂರನೆಯದು. ಕ್ವಾಯರ್ ಇವನ್ನು ನಡೆಯುತ್ತಾ ಹಾಡುತ್ತದೆ.

ನಂತರದ ಮೂರು ಗುಂಡಿಯ ಬಳಿ, ಪೆಟ್ಟಿಗೆ ಇಳಿಸುವ ಸಿದ್ಧತೆಯ ಹೊತ್ತಿಗೆ: 'ಮ್ಯಾನ್ ದಟ್ ಈಸ್ ಬಾರ್ನ್', 'ಇನ್ ದ ಮಿಡ್ಸ್ಟ್ ಆಫ್ ಲೈಫ್', 'ದೌ ನೋಎಸ್ಟ್'. ಇಲ್ಲಿ ಕ್ವಾಯರ್ ನಿಂತಿರುತ್ತದೆ. ಏಳನೆಯದು 'ಐ ಹರ್ಡ್ ಎ ವಾಯ್ಸ್ ಫ್ರಮ್ ಹೆವನ್', ಮಣ್ಣು ಹಾಕಿದ ಮೇಲೆ.

ನಡೆಯುತ್ತಾ ಹಾಡುವ ಸಂಗೀತದಲ್ಲಿ ಧ್ವನಿಗಳನ್ನು ಹೆಣೆದು ಜಾಣತನ ತೋರಿಸುವಂತಿಲ್ಲ. ನಿರ್ದೇಶಕ ಎಲ್ಲರಿಗೂ ಕಾಣುವುದಿಲ್ಲ, ಹಾಳೆ ನೋಡಲು ಬೆಳಕಿರುವುದಿಲ್ಲ. ಹಾಗಾಗಿಯೇ ಎಲ್ಲರೂ ಒಟ್ಟಿಗೆ ಪದ ಹೇಳುವ ಸರಳ ಬರವಣಿಗೆ. ಬರೋಕ್ ಎಂದರೆ ಅಲಂಕಾರ ಎಂದು ನಿರೀಕ್ಷಿಸಿ ಬಂದವರಿಗೆ ಈ ವಾಕ್ಯಗಳು ಬೋಳುಬೋಳಾಗಿ ಕಾಣಬಹುದು.

ಕ್ರಾಫ್ಟ್ ಆರು ವಾಕ್ಯ ಬರೆದು ಒಂದನ್ನು ಯಾಕೆ ಬಿಟ್ಟ?

ವಿಲಿಯಂ ಕ್ರಾಫ್ಟ್ 1708ರಿಂದ ಅಬ್ಬೆಯ ಆರ್ಗನಿಸ್ಟ್. ಅವನ ಸಮಾಧಿ ವಾಕ್ಯಗಳು 1724ರ 'ಮ್ಯೂಸಿಕಾ ಸಾಕ್ರಾ' ಸಂಪುಟದಲ್ಲಿ ಅಚ್ಚಾದವು. ಆರನೆಯ ವಾಕ್ಯದ ಜಾಗದಲ್ಲಿ ಪರ್ಸೆಲ್‌ನ 1695ರ 'ದೌ ನೋಎಸ್ಟ್' ಅನ್ನೇ ಇಟ್ಟ. ಸಂಗೀತ ಬಲ್ಲವರಿಗೆ ಕಾರಣ ತಾನಾಗಿಯೇ ತಿಳಿಯುತ್ತದೆ ಎಂಬರ್ಥದ ಮಾತನ್ನು ಮುನ್ನುಡಿಯಲ್ಲಿ ಬರೆದ. ಅದಕ್ಕಿಂತ ಚೆನ್ನಾಗಿ ತನ್ನಿಂದಾಗದು ಎಂದು ಇದಕ್ಕಿಂತ ಸಭ್ಯವಾಗಿ ಹೇಳುವುದು ಕಷ್ಟ.

ತಮಾಷೆಯೆಂದರೆ ಪರ್ಸೆಲ್ ಮಾಡಿದ್ದೂ ಬೇರೊಬ್ಬನ ಗುಚ್ಛದ ಖಾಲಿ ಜಾಗ ತುಂಬುವ ಕೆಲಸವನ್ನೇ. ಮೇರಿಯ ಅಂತ್ಯಕ್ರಿಯೆಯಲ್ಲಿ ಉಳಿದ ವಾಕ್ಯಗಳು ಒಂದು ಶತಮಾನ ಹಿಂದಿನ ಥಾಮಸ್ ಮಾರ್ಲೆಯವು, ಆ ಗುಚ್ಛದಲ್ಲಿ 'ದೌ ನೋಎಸ್ಟ್' ಆಗ ಸಿಗದೆ ಹೋಗಿದ್ದರಿಂದ ಪರ್ಸೆಲ್ ಹಳೆಯ ಶೈಲಿಗೆ ಹೊಂದುವಂತೆ ಒಂದನ್ನು ಬರೆದುಕೊಟ್ಟ ಎಂಬ ವಿವರಣೆಯನ್ನು ಈಗ ವಿದ್ವಾಂಸರು ಒಪ್ಪುತ್ತಾರೆ. ಬಿಗಿಯಾದ, ಹಳೆಗಾಲದ ಛಾಯೆಯ ಆ ಬರವಣಿಗೆಗೆ ಇದಕ್ಕಿಂತ ಒಳ್ಳೆಯ ಕಾರಣ ನಮಗೂ ಕಾಣುವುದಿಲ್ಲ.

ಕ್ರಾಫ್ಟ್ ಮತ್ತು ಪರ್ಸೆಲ್ ಸೇರಿದ ಈ ಗುಚ್ಛವನ್ನು ಇಂದಿಗೂ ಬಿಟ್ಟಿಲ್ಲ. 1997ರಲ್ಲಿ ಡಯಾನಾಗೆ, 2022ರ ಸೆಪ್ಟೆಂಬರ್ 19ರಂದು ಎರಡನೇ ಎಲಿಜಬೆತ್‌ಗೆ ಅಬ್ಬೆಯಲ್ಲಿ ಹಾಡಿದ್ದು ಇದನ್ನೇ. ಟಿವಿಯಲ್ಲಿ ನೋಡಿದವರು ಪೆಟ್ಟಿಗೆ ಒಳಬರುವಾಗ ಕೇಳಿದ್ದು ಕ್ರಾಫ್ಟ್.

'ಫ್ಲ್ಯಾಟ್ ಟ್ರಂಪೆಟ್' ಎಂದರೇನು? ಈಗ ಅದರ ಬದಲು ಏನು ನುಡಿಸುವುದು?

ಆ ಕಾಲದ ಟ್ರಂಪೆಟ್‌ಗೆ ಕೀಲಿಗಳಿರಲಿಲ್ಲ. ಕೊಳವೆಯ ಉದ್ದಕ್ಕೆ ತಕ್ಕ ಸಹಜ ಸ್ವರಶ್ರೇಣಿ ಮಾತ್ರ ಹೊರಡುತ್ತಿತ್ತು. ಕೆಳಗಿನ ಸ್ವರಗಳ ನಡುವೆ ದೊಡ್ಡ ದೊಡ್ಡ ಅಂತರ. ಸಿ ಟ್ರಂಪೆಟ್‌ನಲ್ಲಿ ಸಿ ಮೈನರಿಗೆ ಬೇಕಾದ ಇ-ಫ್ಲ್ಯಾಟ್, ಎ-ಫ್ಲ್ಯಾಟ್ ಸಿಗುತ್ತಲೇ ಇರಲಿಲ್ಲ. ಪರ್ಸೆಲ್‌ನ ಮಾರ್ಚ್ ಇರುವುದು ಸಿ ಮೈನರಿನಲ್ಲಿ. ಫ್ಲ್ಯಾಟ್ ಟ್ರಂಪೆಟ್‌ಗೆ ಜಾರುವ ಕೊಳವೆ ಇತ್ತು. ಟ್ರಾಂಬೋನಿನ ಹಾಗೆ ಮುಂದಕ್ಕಲ್ಲ, ನುಡಿಸುವವನ ತಲೆಯ ಪಕ್ಕದಿಂದ ಹಿಂದಕ್ಕೆ ಎಳೆಯುವಂಥದ್ದು. ಜೇಮ್ಸ್ ಟಾಲ್ಬಟ್ ಎಂಬಾತ 1690ರ ದಶಕದಲ್ಲಿ ಬರೆದಿಟ್ಟ ಟಿಪ್ಪಣಿಗಳಿಂದ ಇದರ ರಚನೆ ಗೊತ್ತಾಗಿದೆ.

ಈಗ ಸಾಮಾನ್ಯವಾಗಿ ಮಾಡುವುದು: ಮೇಲಿನ ಎರಡು ಭಾಗಕ್ಕೆ ಟ್ರಂಪೆಟ್, ಕೆಳಗಿನ ಎರಡಕ್ಕೆ ಟ್ರಾಂಬೋನ್. ನಾಲ್ಕೂ ಟ್ರಾಂಬೋನ್ ಸಿಕ್ಕರೆ ಸದ್ದು ಇನ್ನೂ ಹದವಾಗಿ ಬೆರೆಯುತ್ತದೆ. ಆರ್ಮಿ ಅಥವಾ ಪೊಲೀಸ್ ಬ್ಯಾಂಡಿನಲ್ಲಿ ಪಳಗಿದ ವಾದಕರಿದ್ದರೆ ಮೊದಲೇ ಹೇಳಿ: ಕವಾಯತಿನ ಬಿರುಸು ಬೇಡ, ವೈಬ್ರಾಟೋ ಬೇಡ, ಪ್ರತಿ ಸ್ವರದ ಶುರು ಮೃದುವಾಗಿರಲಿ, ಕೊನೆ ಕತ್ತರಿಸಿದಂತೆ ನಿಲ್ಲದೆ ಸ್ವಲ್ಪ ಕ್ಷೀಣಿಸಲಿ. ವಾದಕರೇ ಇಲ್ಲದಿದ್ದರೆ ಆರ್ಗನಿನ ರೀಡ್ ಸ್ಟಾಪ್‌ನಲ್ಲಿ ನುಡಿಸಿ. ಎಲೆಕ್ಟ್ರಾನಿಕ್ ಕೀಬೋರ್ಡಿನ 'ಬ್ರಾಸ್' ಗುಂಡಿ ಮಾತ್ರ ಒತ್ತಬೇಡಿ; ಶವಯಾತ್ರೆ ಹೋಗಿ ಮದುವೆ ದಿಬ್ಬಣವಾಗುತ್ತದೆ.

ಹಸ್ತಪ್ರತಿಯ ಪ್ರಕಾರ ಮಾರ್ಚ್ ನುಡಿಸಿದ್ದು ರಾಣಿಯ ರಥದ ಮುಂದೆ, ಕಾನ್ಝೋನಾ ನುಡಿಸಿದ್ದು ಅಬ್ಬೆಯಲ್ಲಿ ಆಂಥೆಮ್ ಮುಗಿದ ಮೇಲೆ. ಹಾಗಾಗಿ ಕಛೇರಿಯಲ್ಲಿ ಮಾರ್ಚ್, ಹಾಡು, ಕಾನ್ಝೋನಾ ಎಂಬ ಕ್ರಮವೇ ಸರಿ. ಕೊನೆಗೆ ಮಾರ್ಚ್ ಮತ್ತೆ ನುಡಿಸುವ ರೂಢಿಯಿದೆ. ಚೆನ್ನಾಗಿಯೂ ಇರುತ್ತದೆ, ಆದರೆ ಅದು ಈಚಿನವರ ಏರ್ಪಾಡು. ಇದೇ ಮಾರ್ಚ್ ಥಾಮಸ್ ಶ್ಯಾಡ್‌ವೆಲ್‌ನ 'ದ ಲಿಬರ್ಟೈನ್' ನಾಟಕಕ್ಕೆ ಪರ್ಸೆಲ್ ಬರೆದ ಸಂಗೀತದಲ್ಲೂ ಇದೆ.

ಆ ಡ್ರಮ್ ಹೊಡೆತ?

ಮಾರ್ಚಿನ ಹಸ್ತಪ್ರತಿಗಳಲ್ಲಿ ಡ್ರಮ್ ಭಾಗ ಇಲ್ಲ. ಧ್ವನಿಮುದ್ರಿಕೆಗಳಲ್ಲಿ ಕೇಳುವುದು ಸಂಪಾದಕರು, ನಿರ್ದೇಶಕರು ಸೇರಿಸಿದ್ದು. ಸೇರಿಸುವುದಾದರೆ ಶ್ರುತಿಯಿರುವ ಟಿಂಪನಿಗಿಂತ, ಬಟ್ಟೆ ಮುಚ್ಚಿ ಸದ್ದಡಗಿಸಿದ ಸೈನ್ಯದ ಡ್ರಮ್ ಸೂಕ್ತ.

'ದೌ ನೋಎಸ್ಟ್' ಹಾಡಲು ಎಷ್ಟು ಜನ ಬೇಕು? ಅಭ್ಯಾಸ ಹೇಗೆ?

ನಾಲ್ಕೇ ಜನ ಸಾಕು, ಧ್ವನಿಗೊಬ್ಬರಂತೆ (ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್). ಹವ್ಯಾಸಿಗಳಾದರೆ 16ರಿಂದ 24 ಜನರ ಗುಂಪು ಹದ. ಇಪ್ಪತ್ತನಾಲ್ಕು ಜನರಿದ್ದರೆ 7 ಸೊಪ್ರಾನೊ, 5 ಆಲ್ಟೊ, 6 ಟೆನರ್, 6 ಬಾಸ್ ಎಂದು ಹಂಚಿ. ಟೆನರ್ ಕೊರತೆ ಎಲ್ಲ ಕಡೆ ಇದ್ದದ್ದೇ. ಆಲ್ಟೊಗಳನ್ನು ಟೆನರ್ ಸಾಲಿಗೆ ಇಳಿಸುವುದಾದರೆ ಇಬ್ಬರಿಗಿಂತ ಹೆಚ್ಚು ಬೇಡ. ಕೆಳಸ್ವರಗಳಲ್ಲಿ ಅವರ ಧ್ವನಿ ಕೇಳದೆ ಸ್ವರಮೇಳದಲ್ಲಿ ತೂತು ಬೀಳುತ್ತದೆ.

ಅಭ್ಯಾಸವನ್ನು ಸ್ವರದಿಂದ ಶುರು ಮಾಡಬೇಡಿ. ಮೊದಲು ಪಠ್ಯವನ್ನು ಎಲ್ಲರೂ ಒಟ್ಟಿಗೆ, ಮಾತಿನ ಲಯದಲ್ಲಿ, ಪಿಸುದನಿಯಲ್ಲಿ ಓದಲಿ. ಎಲ್ಲಿ ಉಸಿರು ಬೇಕು, ಎಲ್ಲಿ ಬೇಡ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. 'ಹೃದಯದ ಗುಟ್ಟುಗಳು ನಿನಗೆ ಗೊತ್ತು' ಎಂಬ ಮಾತು ಒಂದೇ ಉಸಿರಿಗೆ ಬರಬೇಕು. 'ಸ್ಪೇರ್ ಅಸ್' ಮುಂದೆ ಎಲ್ಲರೂ ಒಟ್ಟಿಗೆ ಉಸಿರೆಳೆಯಬೇಕು, ಅದು ಕೇಳಿಸಿದರೂ ತೊಂದರೆಯಿಲ್ಲ. ಎರಡನೆಯ ಹೆಜ್ಜೆ, ಬಾಸ್ ಮತ್ತು ಸೊಪ್ರಾನೊ ಮಾತ್ರ, ಸ್ವರಾಕ್ಷರದಲ್ಲಿ, ಪದವಿಲ್ಲದೆ. ಆ ಎರಡು ಸಾಲು ಗಟ್ಟಿಯಾದರೆ ಮುಕ್ಕಾಲು ಕೆಲಸ ಮುಗಿದಂತೆ. ಆಮೇಲೆ ಒಳಧ್ವನಿಗಳನ್ನು ಸೇರಿಸಿ. ಪದ ಸೇರಿಸುವುದು ಕೊನೆಗೆ.

ಒಟ್ಟು ಅವಧಿ ಎರಡೂವರೆ ನಿಮಿಷದ ಸುತ್ತಮುತ್ತ. ಮೂರು ನಿಮಿಷ ದಾಟಿದರೆ ನೀವು ದುಃಖವನ್ನು ನಿಧಾನಗತಿಯಿಂದ ತೋರಿಸಲು ಹೊರಟಿದ್ದೀರಿ ಎಂದರ್ಥ. ನಿಧಾನವಾದಷ್ಟೂ ಉಸಿರು ತುಂಡಾಗುತ್ತದೆ, ಉಸಿರು ತುಂಡಾದರೆ ವಾಕ್ಯ ತುಂಡಾಗುತ್ತದೆ.

ಜೊತೆಗೆ ವಾದ್ಯ ಬೇಕೇ? ಇದರ ಪ್ರದರ್ಶನಕ್ಕೆ ಟ್ರಂಪೆಟ್‌ಗಳ ಒತ್ತಾಸೆ ಇತ್ತೆಂದು ಸಮಕಾಲೀನ ಸಂಗೀತಗಾರ ಥಾಮಸ್ ಟಡ್ವೇ ಬರೆದಿದ್ದಾನೆ. ಟ್ರಾಂಬೋನುಗಳು ಧ್ವನಿಗಳ ಸಾಲನ್ನೇ ಮೆಲ್ಲಗೆ ನುಡಿಸಬಹುದು. ಇಲ್ಲವೇ ಆರ್ಗನ್. ಬರೀ ಧ್ವನಿಗಳೂ ಆದೀತು, ಶ್ರುತಿ ನಿಂತರೆ.

ಶ್ರುತಿ ನಿಲ್ಲುವುದಿಲ್ಲ, ಕೊನೆಗೆ ಬರುವಷ್ಟರಲ್ಲಿ ಅರ್ಧ ಸ್ವರ ಇಳಿದಿರುತ್ತದೆ. ಏನು ಮಾಡುವುದು?

ನಮ್ಮ ಸಂಗೀತದಲ್ಲಿ ತಂಬೂರಿ ಬೆನ್ನಿಗಿರುತ್ತದೆ. ಇಲ್ಲಿ ಆಧಾರಶ್ರುತಿ ಎಂಬುದು ಹಾಡುವವರ ಕಿವಿಯಲ್ಲಿ ಮಾತ್ರ. ಇಳಿಯುವುದಕ್ಕೆ ಕಾರಣಗಳು ಮೂರು. ಒಂದೇ ಸ್ವರವನ್ನು ಮತ್ತೆ ಮತ್ತೆ ಹೇಳುವಾಗ ಪ್ರತಿ ಸಲವೂ ಕೂದಲೆಳೆಯಷ್ಟು ಕೆಳಗೆ ಬೀಳುತ್ತದೆ. ಕೆಳಗಿಳಿಯುವ ಅರ್ಧಸ್ವರಗಳನ್ನು ಅಗಲವಾಗಿ ಇಳಿಸುತ್ತಾರೆ. ಮೆಲ್ಲಗೆ ಹಾಡಬೇಕೆಂದಾಗ ಉಸಿರಿನ ಒತ್ತಡವನ್ನೇ ಬಿಟ್ಟುಬಿಡುತ್ತಾರೆ.

ಕೀಬೋರ್ಡನ್ನು ಉದ್ದಕ್ಕೂ ನುಡಿಸುತ್ತಾ ಅಭ್ಯಾಸ ಮಾಡಿಸಿದರೆ ಕಾಯಿಲೆ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ಮೂರು ಕಡೆ ಮಾತ್ರ ನಿಲ್ಲಿಸಿ ಸ್ವರ ಪರೀಕ್ಷಿಸಿ: 'ಹಾರ್ಟ್ಸ್' ಮೇಲೆ, 'ಎಟರ್ನಲ್' ಮೇಲೆ, ಕೊನೆಯ ಸ್ವರಮೇಳದಲ್ಲಿ. ಎಲ್ಲಿ ಇಳಿಯಿತೋ ಆ ತುಣುಕನ್ನಷ್ಟೇ ತಿದ್ದಿ. ಇನ್ನೊಂದು ಹಳೆಯ ಉಪಾಯ: ಇಡೀ ಹಾಡನ್ನು ಅರ್ಧ ಸ್ವರ ಮೇಲಿಂದ ಹಾಡಿಸಿ ನೋಡುವುದು. ಧ್ವನಿ ತಿರುಗುವ ಜಾಗ ಬದಲಾಗಿ ಎಷ್ಟೋ ಸಲ ಇಳಿತ ನಿಂತುಬಿಡುತ್ತದೆ.

ನಡೆಯುತ್ತಾ ಹಾಡುವಾಗ ತಾಳ ತಪ್ಪುತ್ತದೆ, ಯಾಕೆ?

ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಇಪ್ಪತ್ತನಾಲ್ಕು ಜನ ಇಬ್ಬಿಬ್ಬರಂತೆ ಮೀಟರ್ ಅಂತರದಲ್ಲಿ ನಡೆದರೆ ಸಾಲಿನ ಉದ್ದ ಹನ್ನೊಂದು ಮೀಟರ್ ಚಿಲ್ಲರೆ. ತಡ ಗಮನಕ್ಕೇ ಬಾರದು. ಸಾಲು 34 ಮೀಟರ್ ಆದರೆ ಹಿಂದಿನವರಿಗೆ ಮುಂದಿನವರ ಸದ್ದು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ ಕೇಳುತ್ತದೆ. ಅವರು ಕಿವಿ ನಂಬಿ ಹಾಡುತ್ತಾರೆ, ಮುಂದಿನವರು ಅವರಿಗೆ ಕಾಯುತ್ತಾರೆ, ಇಬ್ಬರೂ ಸೇರಿ ಹಾಡನ್ನು ಎಳೆಯುತ್ತಾರೆ.

ಸಾಲನ್ನು ಗಿಡ್ಡ ಮಾಡಿ. ಇಬ್ಬರ ಬದಲು ನಾಲ್ವರಂತೆ ನಡೆಯಲಿ. ಗಟ್ಟಿ ಬಾಸ್‌ಗಳನ್ನು ಮಧ್ಯದಲ್ಲಿಡಿ. ಹೆಜ್ಜೆಯನ್ನು ತಾಳಕ್ಕೆ ಕೂಡಿಸಬೇಡಿ, ಕೂಡಿಸಿದರೆ ಪ್ರತಿ ಹೆಜ್ಜೆಗೂ ಸ್ವರ ಕುಲುಕುತ್ತದೆ. ಮೊದಲ ಎರಡು ವಾಕ್ಯವಾದರೂ ಬಾಯಿಪಾಠವಾಗಿರಲಿ. ಬಾಗಿಲು ದಾಟುವ ಕ್ಷಣದಲ್ಲಿ ಹೊಸ ವಾಕ್ಯ ಶುರು ಮಾಡಬೇಡಿ: ಅರ್ಧ ಜನ ಹೊರಗಿನ ಬಯಲಲ್ಲಿ, ಅರ್ಧ ಜನ ಒಳಗಿನ ಮಾರ್ದನಿಯಲ್ಲಿ ಇರುತ್ತಾರೆ.

ಕನ್ನಡ ಮಾತಾಡುವವರಿಗೆ ಉಚ್ಚಾರಣೆಯಲ್ಲಿ ತೊಡಕಾಗುವುದು ಎಲ್ಲಿ?

ಪಠ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ, ಆದರೆ ಲಿಪಿ ಹೇಳಿದಂತೆಯೇ ಹಾಡಿದರೆ ಕೆಲವು ಸದ್ದು ಎದ್ದು ಕೇಳುತ್ತವೆ. 'ದೌ' ಎಂಬಲ್ಲಿ ನಮ್ಮ ದಕಾರ ಹಲ್ಲಿಗೆ ಬಡಿದು ಒಡೆಯುತ್ತದೆ. ಇಪ್ಪತ್ತು ಜನ ಇಪ್ಪತ್ತು ಕ್ಷಣದಲ್ಲಿ ಒಡೆದರೆ ಮೊದಲ ಅಕ್ಷರವೇ ಚೂರುಚೂರು. ನಾಲಿಗೆ ತುದಿ ಹಲ್ಲುಗಳ ನಡುವೆ ಸುಮ್ಮನೆ ತಾಗಿರಲಿ, ವ್ಯಂಜನ ತಾಳಕ್ಕೆ ಮುಂಚೆ, ಸ್ವರ ತಾಳದ ಮೇಲೆ. 'ಓ ಗಾಡ್' ಎಂಬುದು 'ವೋ ಗಾಡ್' ಆಗುತ್ತದೆ, 'ಇಯರ್ಸ್' ಎಂಬುದು 'ಯಿಯರ್ಸ್' ಆಗುತ್ತದೆ. 'ನೋ-ಎಸ್ಟ್' ನಡುವೆ ಯಕಾರ ನುಸುಳುತ್ತದೆ. 'ಲಾರ್ಡು', 'ಮೋಸ್ಟು' ಎಂದು ಕೊನೆಗೆ ಉಕಾರ ಅಂಟಿಕೊಳ್ಳುತ್ತದೆ. ಹಕಾರ ಬಿಡುವ ಅಭ್ಯಾಸವಿರುವವರ ಬಾಯಲ್ಲಿ 'ಹೋಲಿ' ಹೋಗಿ 'ಓಲಿ'. 'ಸಫರ್' ಎಂಬಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಟಕಾರವನ್ನು ಮೂರ್ಧನ್ಯದಿಂದ ಸ್ವಲ್ಪ ಮುಂದಕ್ಕೆ ತನ್ನಿ. ಇದನ್ನೆಲ್ಲ ಒಂದೇ ದಿನ ತಿದ್ದಲು ಹೋದರೆ ಯಾರೂ ಹಾಡುವುದಿಲ್ಲ. ಮೊದಲು ಉಕಾರ ತೆಗೆಯಿರಿ, ಅದೇ ಹೆಚ್ಚು ಕೇಳಿಸುವುದು.

ಹ್ಯಾಂಡೆಲ್‌ನ ಕ್ಯಾರೊಲೈನ್ ಆಂಥೆಮ್ ಇದಕ್ಕಿಂತ ಹೇಗೆ ಬೇರೆ?

ಎಲ್ಲ ಅಳತೆಯಲ್ಲೂ. 'ದ ವೇಸ್ ಆಫ್ ಝಯಾನ್ ಡು ಮೋರ್ನ್' ಸುಮಾರು ಮುಕ್ಕಾಲು ಗಂಟೆಯ ಕೃತಿ. ರಾಣಿ ತೀರಿಕೊಂಡದ್ದು 1737ರ ನವೆಂಬರ್ 20ರಂದು. ಹ್ಯಾಂಡೆಲ್ ಬರೆದು ಮುಗಿಸಿದ್ದು ಡಿಸೆಂಬರ್ 12ಕ್ಕೆ. ಅಬ್ಬೆಯ ಏಳನೇ ಹೆನ್ರಿ ಚಾಪೆಲ್‌ನಲ್ಲಿ ಹಾಡಿದ್ದು 17ಕ್ಕೆ. ನಡುವೆ ಐದು ದಿನ. ಸುಮಾರು 80 ಗಾಯಕರು, 100 ವಾದಕರು ಇದ್ದರೆಂದು ಆ ಕಾಲದ ಪತ್ರಿಕೆಗಳು ಬರೆದವು. ರಚನೆ ಬಹಳ ಚೆನ್ನಾಗಿತ್ತು, ಪ್ರದರ್ಶನದ ಬಗ್ಗೆ ಹಾಗೆ ಹೇಳಲಾರೆ ಎಂಬರ್ಥದಲ್ಲಿ ಚಾಂಡೋಸ್ ಡ್ಯೂಕ್ ಒಂದು ಪತ್ರದಲ್ಲಿ ಬರೆದ. ಐದು ದಿನದಲ್ಲಿ ಪ್ರತಿಗಳನ್ನು ನಕಲು ಮಾಡಿಸಿ, 180 ಜನಕ್ಕೆ ಕಲಿಸಿದರೆ ಇನ್ನೇನಾದೀತು.

ಇದರಲ್ಲಿ ಏರಿಯಾಗಳಿಲ್ಲ (ಒಬ್ಬರೇ ಹಾಡುವ ಹಾಡು), ರೆಸಿಟೇಟಿವ್ ಇಲ್ಲ (ಮಾತಿನ ಧಾಟಿಯ ಒಂಟಿ ಗಾಯನ). ಶುರುವಿನಿಂದ ಕೊನೆತನಕ ವೃಂದವೇ. ಟ್ರಂಪೆಟ್ ಇಲ್ಲ, ಡ್ರಮ್ ಇಲ್ಲ: ಎರಡು ಓಬೋ, ತಂತಿವಾದ್ಯಗಳು, ಆರ್ಗನ್. ಪಠ್ಯ ಪ್ರಲಾಪಗಳು, ಯೋಬ, ಕೀರ್ತನೆಗಳು ಮುಂತಾದ ಕಡೆಗಳಿಂದ ಆರಿಸಿದ್ದು. ಯೋಬ ತನ್ನ ಬಗ್ಗೆ ಹೇಳಿಕೊಂಡದ್ದು ಇಲ್ಲಿ 'ಅವಳು' ಆಗಿದೆ. ಬಡವರ ಮೊರೆ ಕೇಳಿ ಬಿಡಿಸಿದಳು ಎಂಬ ಜಾಗ ಅದು.

ಒಳಗೊಂದು ಗುಟ್ಟಿದೆ. ಮೊದಲ ವೃಂದದಲ್ಲಿ 'ಹೆರ್ ಯೇಸು ಕ್ರಿಸ್ಟ್, ಡು ಹ್ಯೋಷ್ಟೆಸ್ ಗೂಟ್' ಎಂಬ ಲುಥೆರನ್ ಕೊರಾಲ್‌ನ ರಾಗ ಹಾಯ್ದುಹೋಗುತ್ತದೆ. ದೇಹಗಳನ್ನು ಶಾಂತಿಯಲ್ಲಿ ಹೂಳಿದರು, ಹೆಸರು ಮಾತ್ರ ಸದಾ ಬದುಕುತ್ತದೆ ಎಂಬಲ್ಲಿ ಯಾಕೋಬುಸ್ ಗಾಲುಸ್‌ನ 'ಎಕ್ಚೆ ಕ್ವೊಮೊಡೊ ಮೋರಿತುರ್ ಯುಸ್ತುಸ್' ಮೊಟೆಟ್‌ನ ಎಳೆ ಕೇಳುತ್ತದೆ. ಜರ್ಮನಿಯ ಚರ್ಚುಗಳಲ್ಲಿ ಬಳಕೆಯಲ್ಲಿದ್ದ ಮೊಟೆಟ್ ಅದು. ರಾಣಿ ಆನ್ಸ್‌ಬಾಖ್‌ನವಳು, ಹ್ಯಾಂಡೆಲ್ ಹಾಲೆಯವನು. ಲಂಡನ್ನಿನ ಕೇಳುಗರಲ್ಲಿ ಹೆಚ್ಚಿನವರಿಗೆ ಗೊತ್ತಾಗದ, ರಾಣಿಗಾದರೆ ತಕ್ಷಣ ಗೊತ್ತಾಗುತ್ತಿದ್ದ ರಾಗಗಳು. ಹಾಡಿಸುವಾಗ ಕೊರಾಲ್ ಬಂದ ಧ್ವನಿಯನ್ನು ತುಸು ಮುಂದೆ ತನ್ನಿ, ಉಳಿದವರು ಅರ್ಧ ಪಾಲು ತಗ್ಗಲಿ.

ಕನಿಷ್ಠ ಸಲಕರಣೆ: 30–40 ಗಾಯಕರು, ಎರಡು ಓಬೋ, ಒಂದು ಬಸೂನ್, ಮೂರು-ಮೂರು ವಯಲಿನ್, ಎರಡು ವಿಯೋಲಾ, ಎರಡು ಚೆಲ್ಲೋ, ಒಂದು ಡಬಲ್ ಬಾಸ್, ಆರ್ಗನ್. ಏರಿಯಾಗಳ ಬಿಡುವಿಲ್ಲದ್ದರಿಂದ ಅರ್ಧ ದಾರಿಯಲ್ಲೇ ಸೊಪ್ರಾನೊಗಳ ಗಂಟಲು ಸೋಲುತ್ತದೆ. 'ವೆನ್ ದಿ ಇಯರ್ ಹರ್ಡ್ ಹರ್' ಥರದ ಮೃದು ಭಾಗಗಳನ್ನು ಧ್ವನಿಗಿಬ್ಬರಂತೆ ಚಿಕ್ಕ ಗುಂಪಿಗೆ ಕೊಟ್ಟು ಉಳಿದವರನ್ನು ಕೂರಿಸಿ. 'ಹೌ ಆರ್ ದ ಮೈಟಿ ಫಾಲನ್' ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ಮೊದಲ ಸಲವೇ ಪೂರ್ತಿ ಬಲ ಹಾಕಿದರೆ ಆಮೇಲೆ ಹೋಗಲು ಜಾಗವಿರುವುದಿಲ್ಲ.

ಇದೇ ಸಂಗೀತ 'ಇಸ್ರೇಲ್ ಇನ್ ಈಜಿಪ್ಟ್'ನಲ್ಲೂ ಇದೆಯಲ್ಲ?

ಹೌದು. 1739ರಲ್ಲಿ ಹ್ಯಾಂಡೆಲ್ ಇಡೀ ಆಂಥೆಮ್ ಅನ್ನು ಆ ಒರಟೋರಿಯೋದ (ಬೈಬಲ್ ಕಥೆಯನ್ನು ವೇಷ, ಅಭಿನಯವಿಲ್ಲದೆ ಹಾಡುವ ದೊಡ್ಡ ಕೃತಿ) ಮೊದಲ ಭಾಗವಾಗಿ ಇಟ್ಟ. 'ಅವಳು' ಹೋಗಿ 'ಅವನು' ಬಂತು, ರಾಣಿಯ ಜಾಗದಲ್ಲಿ ಯೋಸೇಫ. ಅಲ್ಲಿ ಮೊದಲ ಸಾಲು 'ದ ಸನ್ಸ್ ಆಫ್ ಇಸ್ರೇಲ್ ಡು ಮೋರ್ನ್'. ಕೆಲವರ ಕೈಯಲ್ಲಿ ಆಂಥೆಮ್, ಕೆಲವರ ಕೈಯಲ್ಲಿ ಒರಟೋರಿಯೋ ಪ್ರತಿ ಇದ್ದರೆ ಸ್ವರ ಒಂದೇ, ಪದ ಬೇರೆ. ಮೊದಲ ದಿನವೇ ನೋಡಿಕೊಳ್ಳಿ. ಮೊಟ್ಸಾರ್ಟ್ ತನ್ನ 1791ರ ರೆಕ್ವಿಯಂನ ಆರಂಭಕ್ಕೆ ಎಳೆ ತೆಗೆದುಕೊಂಡದ್ದೂ ಈ ಆಂಥೆಮ್‌ನ ಮೊದಲ ವೃಂದದಿಂದಲೇ.

ಬಾಖ್ ರಾಜಮನೆತನಕ್ಕೆ ಏನಾದರೂ ಬರೆದಿದ್ದಾನೆಯೇ?

ಬಾಖ್ ಕೃತಿಗಳ ಪಟ್ಟಿಯಲ್ಲಿ ಬಿ.ಡಬ್ಲ್ಯೂ.ವಿ. 198, 'ಟ್ರಾವರ್ ಓಡೆ' (ಶೋಕಗೀತೆ). ಸ್ಯಾಕ್ಸನಿಯ ದೊರೆ ಆಗಸ್ಟಸ್ ಪೋಲೆಂಡಿನ ಕಿರೀಟಕ್ಕಾಗಿ ಕ್ಯಾಥೊಲಿಕ್ ಆದಾಗ ಮತಾಂತರಕ್ಕೆ ಒಪ್ಪದೆ ಲುಥೆರನಳಾಗಿಯೇ ಉಳಿದ ಅವನ ಹೆಂಡತಿ ಕ್ರಿಸ್ಟಿಯಾನೆ ಎಬರ್‌ಹಾರ್ಡಿನೆಯ ನೆನಪಿಗೆ. ಲೈಪ್ಜಿಗ್‌ನ ವಿಶ್ವವಿದ್ಯಾಲಯದ ಚರ್ಚಿನಲ್ಲಿ 1727ರ ಅಕ್ಟೋಬರ್ 17ರಂದು ಪ್ರದರ್ಶನ. ಬಾಖ್ ಬರೆದು ಮುಗಿಸಿದ್ದು ಎರಡೇ ದಿನ ಮುಂಚೆ. ಪದ್ಯ ಗಾಟ್‌ಶೆಡ್‌ನದು. ಹತ್ತು ಭಾಗ, ಏಳು ಶೋಕಭಾಷಣಕ್ಕೆ ಮುಂಚೆ, ಮೂರು ಆಮೇಲೆ. ಇದು ಅಂತ್ಯಕ್ರಿಯೆಯದ್ದಲ್ಲ, ಸ್ಮರಣಸಭೆಯದ್ದು.

ಕಷ್ಟವಿರುವುದು ವಾದ್ಯಗಳಲ್ಲಿ: ಎರಡು ಕೊಳಲು, ಎರಡು ಓಬೋ ದಮೋರೆ, ಎರಡು ವಿಯೋಲಾ ದ ಗಾಂಬಾ, ಎರಡು ಲ್ಯೂಟ್, ಮೇಲೆ ತಂತಿವಾದ್ಯಗಳು. ಗಾಂಬಾ ಬದಲು ಚೆಲ್ಲೋ ನಡೆಯುತ್ತದೆ, ಲ್ಯೂಟ್ ಬದಲು ಹಾರ್ಪ್ಸಿಕಾರ್ಡ್ ಅಷ್ಟು ಒಪ್ಪುವುದಿಲ್ಲ. ಸಾವಿನ ಗಂಟೆಗಳ ಸದ್ದನ್ನು ವಾದ್ಯಗಳಲ್ಲೇ ಕಟ್ಟಿದ ಆಲ್ಟೊ ರೆಸಿಟೇಟಿವ್ ಒಂದಕ್ಕಾಗಿಯಾದರೂ ಈ ಕೃತಿ ಕೇಳಬೇಕು: ಮೇಲಿನ ವಾದ್ಯದಿಂದ ಕೆಳಗಿನದರವರೆಗೆ ಒಂದೊಂದೇ ಸೇರಿಕೊಂಡು, ಊರಿನ ಚಿಕ್ಕ ದೊಡ್ಡ ಗಂಟೆಗಳೆಲ್ಲ ಹೊಡೆದಂತೆ.

ಜರ್ಮನಿಯ ಸಂಯೋಜಕ ಶ್ಯುಟ್ಸ್‌ನ 'ಮುಸಿಕಾಲಿಷೆ ಎಕ್ಸೆಕ್ವಿಯೆನ್' ಈ ಸಾಲಿಗೆ ಸೇರುತ್ತದೆಯೇ?

ಅದು ಗೇರಾದ ಪಾಳೆಯದ ಒಡೆಯ ಹೈನ್ರಿಖ್ ಪೋಸ್ತುಮುಸ್ ರಾಯ್ಸ್‌ನ 1636ರ ಫೆಬ್ರವರಿ 4ರ ಅಂತ್ಯಕ್ರಿಯೆಗೆ ಬರೆದದ್ದು, ರಾಜನಲ್ಲದಿದ್ದರೂ ಆಳುವವನೇ. ತನ್ನ ತಾಮ್ರದ ಶವಪೆಟ್ಟಿಗೆಯ ಮೇಲೆ ಕೆತ್ತಿಸಲು ಅವನೇ ಆರಿಸಿಟ್ಟ ವಚನಗಳು ಹಾಡಿನ ಪಠ್ಯವಾದವು. ಮೂರನೆಯ ಭಾಗಕ್ಕೆ ಎರಡು ಗುಂಪು ಬೇಕು: ಆರ್ಗನ್ ಹತ್ತಿರ ಐದು ಧ್ವನಿಗಳ ಮುಖ್ಯ ಗುಂಪು, ದೂರದಲ್ಲಿ ಇಬ್ಬರು ಸೊಪ್ರಾನೊ ಹಾಗೂ ಒಬ್ಬ ಬ್ಯಾರಿಟೋನ್. ಆ ದೂರದ ಮೂವರನ್ನು ಬಾಲ್ಕನಿಯಲ್ಲಿಟ್ಟು ಅವರಿಗೊಂದು ಚಿಕ್ಕ ಆರ್ಗನ್ ಕೊಡಿ. ಇಲ್ಲದಿದ್ದರೆ ಶ್ರುತಿ ಕೂಡುವುದಿಲ್ಲ.

ಫ್ರಾನ್ಸ್, ಡ್ರೆಸ್ಡೆನ್?

ಹದಿನಾಲ್ಕನೇ ಲೂಯಿಯ ರಾಣಿ ಮರಿ-ತೆರೇಸ್ 1683ರಲ್ಲಿ ತೀರಿಕೊಂಡಾಗ ಲುಲ್ಲಿಯ 'ದಿಯೆಸ್ ಇರೆ' ಮತ್ತು 'ದೆ ಪ್ರೊಫುಂದಿಸ್' ಫ್ರಾನ್ಸಿನ ರಾಜರ ಸಮಾಧಿಗಳಿರುವ ಸಾಂ-ದೆನಿ ಚರ್ಚಿನಲ್ಲಿ ಹಾಡಲಾಯಿತು. ಶಾರ್ಪಾಂತಿಯೇ ಕೂಡ ಅದೇ ಸಾವಿಗೆ ಶೋಕಕೃತಿಗಳನ್ನು ಬರೆದ. 1705ರಲ್ಲೇ ಸತ್ತ ಜಾಂ ಜೀಲ್‌ನ ರೆಕ್ವಿಯಂ 1774ರಲ್ಲಿ ಹದಿನೈದನೇ ಲೂಯಿಯ ಅಂತ್ಯಕ್ರಿಯೆಗೂ ಬಳಕೆಯಾಯಿತು.

ಫ್ರೆಂಚ್ ಕೃತಿಗಳಲ್ಲಿ ಎಡವುವುದು ಎರಡು ಕಡೆ. ವೃಂದ ಐದು ಧ್ವನಿಗಳದ್ದು, ಎರಡನೆಯ ಸಾಲು 'ಓಟ್-ಕೋಂತ್ರ್': ಅದು ಎತ್ತರದ ಟೆನರ್, ಆಲ್ಟೊ ಅಲ್ಲ. ಹೆಂಗಸರಿಗೆ ಕೊಟ್ಟರೆ ತೀರಾ ತಗ್ಗು. ಇನ್ನೊಂದು, ಲ್ಯಾಟಿನ್ನನ್ನು ಅವರು ಫ್ರೆಂಚ್ ಬಾಯಲ್ಲೇ ಹೇಳುತ್ತಿದ್ದರು: 'ಲೂಚೆಯಾತ್' ಅಲ್ಲ, 'ಲ್ಯುಸೆಯಾತ್'. ಇಟಲಿಯ ಉಚ್ಚಾರಣೆಯಲ್ಲಿ ಹಾಡಿದರೆ ಈ ಸಂಗೀತದ ಬಣ್ಣವೇ ಬದಲಾಗುತ್ತದೆ.

ಡ್ರೆಸ್ಡೆನ್‌ನಲ್ಲಿ ಮೇಲೆ ಹೇಳಿದ ಆಗಸ್ಟಸ್ 1733ರಲ್ಲಿ ಸತ್ತಾಗ ಝೆಲೆಂಕಾ ಬರೆದ ರೆಕ್ವಿಯಂ ಡಿ ಮೇಜರಿನಲ್ಲಿದೆ. ಶೋಕ ಎಂದರೆ ಮೈನರ್ ಎಂದು ನಂಬಿರುವವರು ಒಮ್ಮೆ ಕೇಳಬೇಕು.

415ಕ್ಕೆ ಶ್ರುತಿ ಮಾಡಲೇಬೇಕೆ?

ಹಳೆಯ ಮಾದರಿಯ ವಾದ್ಯಗಳಿದ್ದರೆ ಹೌದು. 415 ಎಂದರೆ ಶ್ರುತಿ ಕೂಡಿಸುವ 'ಎ' ಸ್ವರದ ಕಂಪನಗಳು, ಸೆಕೆಂಡಿಗೆ ಇಷ್ಟು ಎಂಬ ಲೆಕ್ಕ. ಈಗಿನ 440ಕ್ಕಿಂತ ಅರ್ಧ ಸ್ವರ ಕೆಳಗೆ. ಫ್ರೆಂಚ್ ಕೃತಿಗಳಿಗೆ 392, ಒಂದು ಪೂರ್ಣ ಸ್ವರ ಕೆಳಗೆ. ಆಧುನಿಕ ವಾದ್ಯಗಳಾದರೆ 440ರಲ್ಲೇ ಇರಲಿ. ಎರಡನ್ನೂ ಬೆರೆಸಿದಾಗ ಮಾತ್ರ ಅನಾಹುತ.

ಸಾಮಾನ್ಯರ ಅಂತ್ಯಕ್ರಿಯೆಯಲ್ಲಿ ಇದನ್ನು ಹಾಡಬಹುದೆ? ಸ್ಕೋರ್ ಎಲ್ಲಿ ಸಿಗುತ್ತದೆ?

ಹಾಡಬಹುದು. ವಾಕ್ಯಗಳಲ್ಲಿ ರಾಜ-ರಾಣಿಯ ಮಾತೇ ಇಲ್ಲ. ಪ್ರಾರ್ಥನಾ ಪುಸ್ತಕದಲ್ಲಿ ಎಲ್ಲರಿಗೂ ಅವೇ. ಮುಂಚಿತವಾಗಿ ಪಾದ್ರಿಗಳ ಹತ್ತಿರ ಮಾತಾಡಿ, ಯಾವ ವಾಕ್ಯ ಹಾಡುತ್ತೀರಿ, ಯಾವುದನ್ನು ಅವರು ಓದುತ್ತಾರೆ ಎಂದು ನಿಗದಿ ಮಾಡಿಕೊಳ್ಳಿ. ಎರಡೂ ಆಗಿಬಿಟ್ಟರೆ ಮುಜುಗರ.

ಪರ್ಸೆಲ್, ಕ್ರಾಫ್ಟ್, ಹ್ಯಾಂಡೆಲ್ ಮೂವರ ಸ್ಕೋರುಗಳೂ ಐ.ಎಂ.ಎಸ್.ಎಲ್.ಪಿ. ಮತ್ತು ಸಿ.ಪಿ.ಡಿ.ಎಲ್. ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಕ್ರಾಫ್ಟ್ ಒಂದು ಪ್ರತಿಯಿಂದ, ಪರ್ಸೆಲ್ ಇನ್ನೊಂದು ಪ್ರತಿಯಿಂದ ತೆಗೆದರೆ ಶ್ರುತಿ ಬೇರೆಬೇರೆ ಇರಬಹುದು. ಐದನೆಯ ವಾಕ್ಯದ ಕೊನೆಯ ಸ್ವರಮೇಳದಿಂದ ಆರನೆಯದರ ಮೊದಲ ಸ್ವರಮೇಳಕ್ಕೆ ಹೋಗುವುದನ್ನು ಕೀಬೋರ್ಡಿನಲ್ಲಿ ನುಡಿಸಿ ನೋಡಿದ ಮೇಲೆಯೇ ನಕಲು ತೆಗೆಸಿ.

ಗುಂಡಿಯ ಬಳಿ, ಬಯಲಲ್ಲಿ, 'ದೌ ನೋಎಸ್ಟ್' ಒಂದೇ ಸಾಕು. ಎಂಟು ಜನ, ಅರ್ಧಚಂದ್ರಾಕಾರದಲ್ಲಿ, ಗಾಳಿಗೆ ಬೆನ್ನು ಕೊಟ್ಟು. ಒಬ್ಬರ ಜೇಬಿನಲ್ಲಿ ಪಿಚ್ ಪೈಪ್. ನಾಲ್ಕು ಸ್ವರವನ್ನು ಒಬ್ಬರೇ ಮೆಲ್ಲಗೆ ಗುನುಗಿ ಕೊಡಲಿ. ಹಾಳೆಗಳನ್ನು ರಟ್ಟಿಗೆ ಅಂಟಿಸಿರಿ, ಗಾಳಿಗೆ ಹಾರುತ್ತವೆ. ಪೆಟ್ಟಿಗೆ ಇಳಿಸುವ ಹಗ್ಗ ಹಿಡಿದವರ ದಾರಿಗೆ ಅಡ್ಡ ನಿಲ್ಲಬೇಡಿ.